ಶಂಕ್ರವ್ವನ ಹಳೇ ಕೊಟ್ಟಿಗೆ

ಕೋಟೆಯ ಪಕ್ಕದಲ್ಲಿ ಹೊಸದಾಗಿ ಏನನ್ನೂ ಕಟ್ಟುವಂತಿರಲಿಲ್ಲ. ಮೊದಲೇ ಇದ್ದ ಕಟ್ಟಡ ಹಳೆಯದಾಗಿದ್ದರೆ ರಿಪೇರಿಗೆ ಪರವಾನಗಿ ಸಿಗುತ್ತಿತ್ತು. ಮಾವ ಕಟ್ಟಿಸಿದ್ದ ದನದ ಕೊಟ್ಟಿಗೆಯನ್ನು ಖಾನಾವಳಿ ಮಾಡುವ ಆಸೆ ಶಂಕ್ರವ್ವನಿಗೆ. ಪರವಾನಗಿ ಕೊಡುವ ಸಾಹೇಬರು ನೋಡಲು ಬಂದರು.

"ಇದು ಹಳೇದೇನವ್ವಾ?"

"ಹಳೇದಂದ್ರ ಹಳೇದ್ರೀ! ನಮ್ಮ ಮಾವನ ಮುತ್ತಜ್ಜ ಹುಟ್ಟಿದ್ದ ಇದರಾಗ."

ಸಾಹೇಬರು ಕಲ್ಲುಕಂಬವನ್ನು ಸವರಿದರು. "ಈ ಕಂಬ?"

"ಕ್ವಾಟಿ ಕಟ್ಟಿದ ಅರಸ ತಾನ ನಿಂತು ನಿಲ್ಲಿಸ್ಯಾನ್ರೀ."

"ಖರೇನ?"

"ಈ ಎಮ್ಮಿ ಮ್ಯಾಲೆ ಆಣಿ!"

ಸಾಹೇಬರು ಭಕ್ತಿಯಿಂದ ಚಪ್ಪಲಿ ಕಳಚಿದರು. ಶಂಕ್ರವ್ವನ ಮನಸ್ಸಿನಲ್ಲಿ ಆಗಲೇ ರೊಟ್ಟಿ ಬೇಯತೊಡಗಿದವು.

"ಹಂಗಾದ್ರ ಇದು ಅರಸರ ಕಾಲದ ಸ್ಮಾರಕ ಆತು. ಇನ್ನ ಇಲ್ಲಿ ಒಂದು ಮೊಳಿನೂ ಹೊಡಿಯಂಗಿಲ್ಲ. ಮೊದಲ ಆ ಎಮ್ಮಿ ಬಿಚ್ಕೊಂಡು ಹೊರಗ ನಡಿ ಯವ್ವಾ."