ಬಿಜಲಿಯ ಕಣ್ಣು

ಬಿಜಲಿ ಹೊಸ ಗೇಟಿನ ಕಂಬಕ್ಕೆ ಭುಜ ಉಜ್ಜಿಕೊಂಡು ಒಳಗೆ ಬಂದಾಗ ವಕೀಲ ಶಾಮರಾಯರ ಅನುಮಾನ ಗಟ್ಟಿಯಾಯಿತು. ಅಷ್ಟಗಲದ ದಾರಿ. ಹಾಡಹಗಲು. ಆದರೂ ಕುದುರೆಯ ಚರ್ಮ ಸುಲಿದು ರಕ್ತ ಒಸರುತ್ತಿತ್ತು.

"ಇದಕ್ಕೆ ಕಣ್ಣು ಕಾಣುವುದಿಲ್ಲ ಶೀನ," ಎಂದರು.

ಶೀನ ಜೀನಿನಿಂದ ಇಳಿದು ಕುದುರೆಯ ಕುತ್ತಿಗೆ ಸವರಿದ. "ಕಾಂತಿತ್ತ್ ಒಡೆಯಾ. ನಿಮ್ಗಿಂತ ಚಂದ ಕಾಂತಿತ್ತ್."

ಯುದ್ಧದ ಕಾಲ. ಪೆಟ್ರೋಲಿಲ್ಲದೆ ರಾಯರ ಕಾರು ಕೊಟ್ಟಿಗೆ ಸೇರಿತ್ತು. ಕುಂದಾಪುರದಲ್ಲಿ ಕುದುರೆ ಸಾಕಲು ಅದೊಂದು ನೆಪ. ನಿಜವಾದ ಕಾರಣ ಬೇರೆ. ಹಿಂದೊಮ್ಮೆ ಬೊಂಬಾಯಿಯ ರೇಸ್ ಮೈದಾನದಲ್ಲಿ ಕೊನೆಯ ತಿರುವಿನವರೆಗೂ ಹಿಂದುಳಿದಿದ್ದ ಈ ಕಂದು ಹೆಣ್ಣುಕುದುರೆ ಎಲ್ಲವನ್ನೂ ದಾಟಿ ಬಂದದ್ದನ್ನು ಅವರು ಕಂಡಿದ್ದರು. ಆವತ್ತು ಅದರ ಮೇಲೆ ಕೂತಿದ್ದವನು ತಮ್ಮೂರಿನ ಪಕ್ಕದ ಕೋಟದ ಕಡೆಯ ಶೀನ ಎಂದು ತಿಳಿದಾಗ, ತಾವೇ ಗೆದ್ದಷ್ಟು ಹಿಗ್ಗಿದ್ದರು.

ಆಮೇಲಿನ ಒಂದು ರೇಸಿನಲ್ಲಿ ಇಬ್ಬರೂ ಬಿದ್ದರು. ಬಿಜಲಿಯ ಕಾಲು ಊದಿಕೊಂಡಿತು, ಶೀನನ ತಲೆ ಒಡೆಯಿತು. ಎರಡೂ ವಾಸಿಯಾದವು. ಆದರೆ ರೇಸಿನ ಮಾಲೀಕರಿಗೆ ಇಬ್ಬರೂ ಬೇಡವಾದರು. ರಾಯರು ಕುದುರೆಯನ್ನು ಕೊಂಡರು. ಅದರ ಹಿಂದೆಯೇ ಶೀನನೂ ಹೆಂಡತಿ ಗೋಮತಿಯೊಡನೆ ಬಂದ.

ರೇಸಿನ ಕುದುರೆ ಎಂದರೇನೆಂದು ರಾಯರಿಗೆ ಕಲಿಸಿದವನು ಅವನೇ. ಅಕ್ಕಪಕ್ಕ ನೋಡಿ ಬೆದರದಂತೆ ಕೆಲವಕ್ಕೆ ಕಣ್ಣಪಟ್ಟಿ ಕಟ್ಟುತ್ತಾರೆ ಎಂದಿದ್ದ. ಬಿಜಲಿಯ ಪಟ್ಟಿಯನ್ನು ಮಾತ್ರ ಇಲ್ಲಿಗೆ ಬಂದ ಮೇಲೆ ಬಿಚ್ಚಿ ಎಸೆದಿದ್ದ. "ಇದ್ ಬ್ಯಾಡ ಒಡೆಯಾ. ಅದ್ ಎಲ್ಲಾ ಕಾಣ್ಕ್." ಕೆಲಸಕ್ಕೆ ಬಾರದ ಕುದುರೆಗೆ ಅಲ್ಲಿ ಗುಂಡು ಹಾರಿಸುತ್ತಾರೆ ಎಂದೂ ಹೇಳಿದ್ದ. ಆ ಮಾತಿಗೆ ರಾಯರು ಅಂದು ಊಟ ಬಿಟ್ಟಿದ್ದರು.

ಈಗ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಕೋಡಿಯ ಕಡಲತೀರದ ಮರಳಿನಲ್ಲಿ ಬಿಜಲಿ ಗಾಳಿಯಂತೆ ಓಡುತ್ತಿತ್ತು. ಶೀನ ಲಗಾಮು ಸಡಿಲ ಬಿಟ್ಟು ಸುಮ್ಮನೆ ಕೂರುತ್ತಿದ್ದ. ಆದರೆ ಊರೊಳಗೆ ಬಂದರೆ ಅನಾಹುತ. ಮೊನ್ನೆ ಮೀನು ಒಣಹಾಕಿದ್ದ ಚಾಪೆಗಳ ಮೇಲೇ ನುಗ್ಗಿತು. ಕಾವಲು ಕೂತಿದ್ದ ಮುದುಕಿ ಬಾಗಿ ಉರುಳಿಕೊಂಡು ಬದುಕಿದಳು.

"ಹ್ವಾಯ್, ನಿಮ್ಮ್ ಕುರುಡ್ ಕುದ್ರಿ ಯಾರನ್ನಾರೂ ಕೊಲ್ತ್ ಕಾಣಿ!" ಎಂದು ಅವಳು ರಾಯರ ಅಂಗಳದಲ್ಲೇ ನಿಂತು ಕೂಗಿ ಹೋಗಿದ್ದಳು.

ರಾಯರು ಮಂಗಳೂರಿನಿಂದ ಪಶುವೈದ್ಯರನ್ನು ಕರೆಸಿದರು. ಹಂದಿ ಬೇಟೆಯ ತಿಮ್ಮನಿಗೂ ಹೇಳಿ ಕಳಿಸಿದರು. ಅವನು ಕೋವಿ ಹಿಡಿದು ಗೇರುಮರದ ಕೆಳಗೆ ಕುಕ್ಕರಗಾಲಲ್ಲಿ ಕೂತ.

ಲಾಯದ ಮೂಲೆಯಲ್ಲಿ ಶೀನ ಹುಲ್ಲಿನ ಮೇಲೆ ಕೂತಿದ್ದ. "ನಾನ್ ಬಂದೆ," ಎನ್ನುತ್ತ ಗೋಮತಿ ಗಂಜಿಯ ಬಟ್ಟಲನ್ನು ಅವನ ಕೈಗೇ ಇಟ್ಟಳು. ಅವನು ಕುಡಿಯಲಿಲ್ಲ. ಅವಳು ರಾಯರ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು.

"ಗೋಮತಿ," ಎಂದ ಶೀನ. ಅವಳು ಸೆರಗು ಬಾಯಿಗೊತ್ತಿಕೊಂಡು ಹೊರಗೆ ನಡೆದಳು.

"ಕಣ್ಣು ಹೋಗಿದ್ದರೆ ಬೇರೆ ದಾರಿಯಿಲ್ಲ ಶೀನ," ಎಂದರು ರಾಯರು. "ನನಗೂ ಸಂಕಟವೇ."

"ಹೋಯಿದ್ರೆ ತಾನೆ, ಒಡೆಯಾ?" ಅವನು ಎದ್ದು ಕುದುರೆಯ ಕೆನ್ನೆಗೆ ಮುಖ ಒತ್ತಿ ನಿಂತ.

ಲಾಯದೊಳಗೆ ಮಬ್ಬು. ವೈದ್ಯರು ಕಡ್ಡಿ ಗೀರಿ ಬಿಜಲಿಯ ಒಂದು ಕಣ್ಣಿನ ಮುಂದೆ ಹಿಡಿದರು. ಅದು ತಲೆ ಕೊಡವಿತು. ಇನ್ನೊಂದು ಕಣ್ಣಿನ ಮುಂದೆ ಹಿಡಿದರು. ಕಿವಿ ನಿಮಿರಿಸಿ ಹಿಂದಕ್ಕೆ ಸರಿಯಿತು.

"ಎರಡೂ ಚೆನ್ನಾಗಿವೆ," ಎಂದರು ವೈದ್ಯರು.

ರಾಯರು ತಿಮ್ಮನಿಗೆ ಹೋಗೆಂದು ಕೈಬೀಸಿದರು. ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು, "ಹಾಗಾದರೆ ಕಂಬಕ್ಕೆ ಯಾಕೆ ತಾಗಿತು ಡಾಕ್ಟರೇ?"

"ಕುದುರೆ ಲಗಾಮು ಎಳೆದ ಕಡೆಗೆ ಹೋಗುತ್ತದೆ, ರಾಯರೇ."

ವೈದ್ಯರು ಇನ್ನೊಂದು ಕಡ್ಡಿ ಗೀರಿದರು. ಆ ಸದ್ದಿಗೆ ಶೀನ ನಕ್ಕ.

"ಇನ್ನೂ ನೋಡ್ತ್ರ್ಯಾ ಡಾಕ್ಟ್ರೇ? ನೋಡಿ, ನೋಡಿ. ಅದ್ರ ಕಣ್ಣ್ ಸಮ ಇತ್ತ್ ಅಂತ ನಾನ್ ಆಗ್ಳೇ ಹೇಳ್ದೆ."

ಉರಿಯುವ ಕಡ್ಡಿ ಅವನ ಕಣ್ಣೆದುರೇ ಇತ್ತು. ಅವನ ರೆಪ್ಪೆ ಬಡಿಯಲಿಲ್ಲ.