ಅಬು ಹಲೀಫಾಕ್ಕೆ ಸೈಕಲ್ಲಿನಲ್ಲಿ

ಬಿಸಿಲಿಗೆ ಕಾದ ಟೈರಿನ ವಾಸನೆ ಬಂದರೆ ಈಗಲೂ ಕುವೈತಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಕುವೈತನ್ನು ವಶಪಡಿಸಿಕೊಂಡಿದ್ದ ಇರಾಕಿ ಸೈನಿಕರು ನಮ್ಮ ಕಾರನ್ನು ಒಯ್ದಿದ್ದರು. ಫೋನು ಕೆಟ್ಟಿತ್ತು. ರಜೆಗೆ ಹೋದ ಅಪ್ಪ ಮೈಸೂರಿನಲ್ಲೇ ಉಳಿದಿದ್ದರು. ಮರುದಿನ ಊರಿಗೆ ಮರಳುವ ಭಾರತೀಯರಿಗಾಗಿ ಜೋರ್ಡಾನಿಗೆ ಬಸ್ಸು ಹೊರಡುವುದೆಂದು ಅಬು ಹಲೀಫಾದ ಅತ್ತೆಗೆ ತಿಳಿಸಲು ಅಮ್ಮ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ನಮ್ಮ ಮನೆಯಿದ್ದ ಸಾಲ್ಮಿಯಾದಿಂದ ಸೈಕಲ್ ತುಳಿದಳು. ಅಷ್ಟಗಲದ ಹೆದ್ದಾರಿಯಲ್ಲಿ ಒಂದು ವಾಹನವೂ ಇರಲಿಲ್ಲ.

“ಅಮ್ಮಾ, ಸೈಡಲ್ಲಿ ಹೋಗು.”

“ಯಾಕೆ? ಇವತ್ತು ರೋಡೆಲ್ಲಾ ನಮ್ದೇ ಕಣೇ,” ಎಂದು ಅವಳು ನಟ್ಟನಡುವೆಯೇ ಹೋದಳು.

ಒಂದೆಡೆ ಸೈನಿಕನೊಬ್ಬ ಬಂದೂಕು ಅಡ್ಡ ಹಿಡಿದ. ಅಮ್ಮ ಕೆಳಗಿಳಿಯದೆ ಒಂದು ಕಾಲೂರಿ, “ಇಂಡಿಯಾ,” ಎಂದಳು. ಅವನು ನನ್ನನ್ನೊಮ್ಮೆ ನೋಡಿ ದಾರಿ ಬಿಟ್ಟ.

ಅತ್ತೆ ಬಾಗಿಲು ತೆರೆದಾಗ ಅಮ್ಮ ನಗುತ್ತಲೇ, “ನಾಳೆ ಬೆಳಿಗ್ಗೆ ಬಸ್ಸು, ಅತ್ತಿಗೆ. ಯಲ್ಲಾ, ಬೇಗ ಬೇಗ ಬಟ್ಟೆ ತುಂಬಿ,” ಎಂದಳು.

ಅತ್ತೆ ಕೊಟ್ಟ ನೀರಿನ ಲೋಟವನ್ನು ಮಾತ್ರ ಅವಳು ಎರಡೂ ಕೈಗಳಿಂದ ಹಿಡಿಯಬೇಕಾಯಿತು.