ಕೃಷ್ಣಯ್ಯನವರ ಮೊದಲನೆಯ ಆಟ

ರಿಟೈರಾದ ಹನ್ನೊಂದನೆಯ ದಿನ ಮಧ್ಯಾಹ್ನ ಎರಡೂವರೆಗೆ ಸರಿಯಾಗಿ, ಹೆಂಡತಿ ಹಜಾರದಲ್ಲಿ ಸೀಮೆಸುಣ್ಣದಿಂದ ಬರೆದಿದ್ದ ಚೌಕಾಬಾರದ ಪಟದ ಪಕ್ಕ ಕೃಷ್ಣಯ್ಯನವರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಧನಲಕ್ಷ್ಮಿ ಆಟ ಬಿಟ್ಟು ಗಂಡನ ಮುಖ ನೋಡಿದಳು. ಎದುರಿಗೆ ಕೂತಿದ್ದ ಪಕ್ಕದ ಮನೆಯ ಸಬೀರಾ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ಕವಡೆಗಳನ್ನು ಸದ್ದಾಗದ ಹಾಗೆ ಮೆತ್ತಗೆ ಬಿಟ್ಟಳು.

"ಗೆರೆ ಸೊಟ್ಟ ಇದೆ," ಎಂದರು ಕೃಷ್ಣಯ್ಯನವರು.

ಅವರದೇನೂ ತಪ್ಪಿಲ್ಲ ಬಿಡಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ನಾಲ್ಕು ವರ್ಷ, ತಯಾರಾಗಿ ಬಂದ ವಾಲ್ವುಗಳಲ್ಲಿ ಹುಳುಕು ಹುಡುಕುವುದೇ ಕೆಲಸವಾಗಿದ್ದ ಮನುಷ್ಯ. ಈಗ ವಾಲ್ವಿಲ್ಲ, ಚಾಳಿ ಮಾತ್ರ ಉಳಿದಿದೆ. ಶೆಟ್ಟಿಹಳ್ಳಿಯ ಆ ಪುಟ್ಟ ಮನೆಯಲ್ಲಿ ಹತ್ತೇ ದಿನಕ್ಕೆ ಸಾರಿನ ಹುಳಿ ಹೆಚ್ಚೆಂದೂ ದೋಸೆ ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆಂದೂ ಪತ್ತೆಯಾಗಿತ್ತು. ಧನಲಕ್ಷ್ಮಿಯೂ ಸುಮ್ಮನೆ ಕೂತವಳಲ್ಲ. ಗಿಡ ಬೆಳೆಸಿ ಅಂತ ಸೇವಂತಿಗೆ ಸಸಿ ತರಿಸಿಕೊಟ್ಟಳು. ಟೇಪು ಹಿಡಿದು ಅಳೆದು, ಸಾಲು ತಪ್ಪಿವೆ ಎಂದು ಮೂರನ್ನು ಕಿತ್ತು ಹಾಕಿದರು. ನಾಗಸಂದ್ರದ ಕಡೆ ಮೆಟ್ರೋ ಕಂಬ ಏಳ್ತಿವೆಯಂತೆ, ನೋಡಿ ಬನ್ನಿ ಎಂದು ಕಳಿಸಿದಳು. ಅಲ್ಲಿ ಕೆಲಸದವರಿಗೆ ಹೆಲ್ಮೆಟ್ಟಿನ ಪಟ್ಟಿ ಕಟ್ಟುವುದು ಹೇಗೆಂದು ಹೇಳಿಕೊಡಲು ಹೋಗಿ ಬೈಸಿಕೊಂಡು ಬಂದರು. ಚಿಕ್ಕವರಿದ್ದಾಗ ಏನು ಆಡುತ್ತಿದ್ದಿರಿ, ಅದನ್ನಾದರೂ ಶುರುಮಾಡಿ ಎಂದದ್ದಕ್ಕೆ ಬಹಳ ಹೊತ್ತು ಯೋಚಿಸಿದರು.

"ಆಡೋಕೆ ಎಲ್ಲಿ ಬಿಟ್ರೇ? ಓದ್ಕೊ ಅಂದ್ರು, ಓದ್ದೆ. ಆಮೇಲೆ ಕೆಲ್ಸ ಸಿಕ್ತು."

ಅವತ್ತು ಅವಳಿಗೆ ಸಿಟ್ಟೆಲ್ಲ ಇಳಿದು ಅಯ್ಯೋ ಪಾಪ ಅನ್ನಿಸಿತ್ತು. ಅವಳ ಕಥೆಯೇ ಬೇರೆ. ಏಳು ವರ್ಷದವಳಿದ್ದಾಗ ಅಟ್ಟೂರಿನ ಜಗಲಿಯ ಮೇಲೆ ಅಜ್ಜಿ ಹೇಳಿಕೊಟ್ಟ ಆಟ ಇದು. ಮದುವೆಯಾಗಿ ಬರುವಾಗ ನಾಲ್ಕು ಕವಡೆ ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಬಂದಿದ್ದಳು. ಅತ್ತೆ ದಿನವಿಡೀ ಗೊಣಗಿದರೂ, ಗಂಡ ಓವರ್‌ಟೈಮ್ ಎಂದು ವಾರವಿಡೀ ಮುಖ ತೋರಿಸದಿದ್ದರೂ ಮಧ್ಯಾಹ್ನದ ಈ ಒಂದೂವರೆ ಗಂಟೆ ಅವಳದಾಗಿತ್ತು. ಮಗಳು ಶಿಲ್ಪ ಗಂಡನ ಮನೆಗೆ ಹೋದ ದಿನವೂ ಕಣ್ಣೊರೆಸಿಕೊಂಡು ಎರಡು ಆಟ ಆಡಿದ್ದಳು. ಇಪ್ಪತ್ತು ವರ್ಷದಿಂದ ಎದುರು ಕೈ ಸಬೀರಾಳದು.

ಆ ಸಬೀರಾ ಈಗ ಅರ್ಧ ಆಟಕ್ಕೇ ತನ್ನ ಕಾಯಿಗಳನ್ನು, ಅಂದರೆ ಹುಣಿಸೆಬೀಜಗಳನ್ನು, ಒಂದೊಂದಾಗಿ ಎತ್ತಿಡತೊಡಗಿದಳು. ನಾಳೆಯಿಂದ ಹೊಲಿಗೆ ಕೆಲಸ ಜಾಸ್ತಿಯಿದೆ ಅಕ್ಕ, ಬರುವುದು ಕಷ್ಟ ಎಂದು ನೆಲ ನೋಡುತ್ತ ಹೇಳಿದಳು. ಹೊಲಿಗೆಯೂ ಇಲ್ಲ, ಮಣ್ಣೂ ಇಲ್ಲ. ಗಂಡಸೊಬ್ಬ ಮೇಲೆ ಕೂತು ಪರೀಕ್ಷೆ ಮಾಡುತ್ತಿದ್ದರೆ ಯಾವ ಹೆಂಗಸು ಮನಸ್ಸು ಬಿಚ್ಚಿ ಆಡಿಯಾಳು? ಧನಲಕ್ಷ್ಮಿಗೆ ಅಳು ಬರುವುದರಲ್ಲಿತ್ತು, ಅದಕ್ಕಿಂತ ಮೊದಲು ಕೋಪ ಬಂತು. ಎದ್ದವಳೇ ಕವಡೆಗಳನ್ನು ಗಂಡನ ಅಂಗೈಗೆ ಸುರಿದಳು.

"ರೀ, ಒಲೆ ಮೇಲೆ ಹಾಲಿಟ್ಟಿದೀನಿ. ನನ್ನ ಕೈ ನೀವಾಡಿ."

"ನಂಗ್ ಬರಲ್ವಲ್ಲೇ."

"ಗೊತ್ತು. ಅದಕ್ಕೇ ಆಡಿ."

ಒಲೆಯ ಮೇಲೆ ಹಾಲೂ ಇರಲಿಲ್ಲ, ನೀರೂ ಇರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಿವಿಗೊಟ್ಟಳು. ಸಬೀರಾ ಬಲವಂತಕ್ಕೆ ಸಿಕ್ಕಿಬಿದ್ದವಳಂತೆ ಸಣ್ಣ ದನಿಯಲ್ಲಿ ಹೇಳಿಕೊಡುತ್ತಿದ್ದಳು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ. ಅಡ್ಡಗೆರೆ ಹಾಕಿದ ಕಟ್ಟೆಯ ಮನೆಯಲ್ಲಿರುವ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಬೇರೆ ಮನೆಯಲ್ಲಿ ಸಿಕ್ಕಿಬಿದ್ದರೆ ಕಾಯಿ ಸತ್ತು ಮತ್ತೆ ಮೊದಲಿನಿಂದ ಹೊರಡಬೇಕು. ಈ ರೂಲು ಮಾಡಿದ್ದು ಯಾರು ಎಂದು ಕೃಷ್ಣಯ್ಯನವರು ವಿಚಾರಿಸಿದರು. ಅಷ್ಟರಲ್ಲಿ ಅವರ ಒಂದು ಕಾಯಿ ಸತ್ತಿತು.

"ಅಷ್ಟ್ ದೂರ ಬಂದಿದ್ದೆಲ್ಲಾ ವೇಸ್ಟಾ?"

"ಹೂಂ ಅಣ್ಣ. ಮೊದ್ಲಿಂದ."

ಸಬೀರಾಳ ದನಿಯಲ್ಲಿ ನಗು ಸೇರಿತ್ತು. ಎರಡನೆಯದೂ ಸತ್ತಾಗ ಕುರ್ಚಿ ಸರಿದ ಸದ್ದಾಯಿತು. ಮಂಡಿನೋವೆಂದು ಆರು ವರ್ಷದಿಂದ ನೆಲ ಮುಟ್ಟದಿದ್ದ ಮನುಷ್ಯ ನೆಲಕ್ಕಿಳಿದಿದ್ದರು. ಮೂರನೆಯದು ಸತ್ತಾಗ, ಇದು ಅನ್ಯಾಯ ಸಬೀರಮ್ಮ ಎಂದು ಗಟ್ಟಿಯಾಗಿ ಹೇಳಿದ್ದು ಕೇಳಿಸಿತು. ಧನಲಕ್ಷ್ಮಿಗೆ ತಡೆಯಲಾಗಲಿಲ್ಲ, ಇಣುಕಿದಳು.

ಗಂಡ ಚಕ್ಕಂಬಕ್ಕಳ ಹಾಕಿ ಕೂತು ಬೆವರುತ್ತಿದ್ದರು. ಅವರದೆಂದು ಪಟದ ಮೇಲೆ ಉಳಿದಿದ್ದು ಒಂದೇ ಹಸಿರು ಬಳೆಚೂರು, ಅದೂ ಬಯಲು ಮನೆಯಲ್ಲಿ. ಒಂದು ಮನೆ ಮುಂದಕ್ಕೆ ಕಟ್ಟೆ. ಮೂರು ಮನೆ ಹಿಂದಕ್ಕೆ ಸಬೀರಾಳ ಹುಣಿಸೆಬೀಜ ಹೊಂಚು ಹಾಕಿ ಕೂತಿದೆ. ಮೂರು ಬಿದ್ದರೆ ಕಥೆ ಮುಗಿಯಿತು. ಸಬೀರಾ ಕವಡೆಗಳನ್ನು ಎರಡೂ ಕೈಯಲ್ಲಿ ಕುಲುಕುತ್ತ ಕಣ್ಣು ಮುಚ್ಚಿದಳು.

ಆಗ ಕೃಷ್ಣಯ್ಯನವರು ಫ್ಯಾನಿನ ಕಡೆ ಮುಖವೆತ್ತಿದರು. ಅವರ ಬಲಗಾಲಿನ ಹೆಬ್ಬೆರಳು ಮೆಲ್ಲಗೆ ತೆವಳಿಕೊಂಡು ಬಂದು ಬಳೆಚೂರನ್ನು ಕಟ್ಟೆಯೊಳಕ್ಕೆ ನೂಕಿತು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲು ವಾಪಸು ಕಳಿಸುತ್ತಿದ್ದವರು ಒಂದು ಇಡೀ ಮನೆ ತಳ್ಳಿದ್ದರು.

ಬಿದ್ದದ್ದು ಮೂರೇ. ಸಬೀರಾ ಪಟ ನೋಡಿದಳು, ಹೆಬ್ಬೆರಳು ನೋಡಿದಳು, ಬಾಗಿಲಲ್ಲಿ ನಿಂತ ಧನಲಕ್ಷ್ಮಿಯನ್ನು ನೋಡಿದಳು. ಕೃಷ್ಣಯ್ಯನವರು ಇನ್ನೂ ಫ್ಯಾನನ್ನೇ ಪರೀಕ್ಷಿಸುತ್ತಿದ್ದರು. ಧನಲಕ್ಷ್ಮಿಗೆ ಎಷ್ಟು ಸಂತೋಷವಾಯಿತೆಂದರೆ, ಬಾಯಿಗೆ ಸೆರಗು ತುರುಕಿಕೊಳ್ಳಬೇಕಾಯಿತು. ಸಬೀರಾಳ ಸೆರಗು ಭುಜಕ್ಕೆ ಜಾರಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಅಕ್ಕ," ಎಂದಳು ಸಬೀರಾ, "ನಾಳೆ ನಮ್ಮ ನಾದಿನಿ ನಜ್ಮುನ್ನೀಸಾನೂ ಕರ್ಕೊಂಡ್ ಬರ್ತೀನಿ. ಅಣ್ಣನ ಕಾಲು ಕಾಯೋಕೇ ಒಬ್ರು ಬೇಕು."